ಕಾಂಟ್ರಾಕ್ಟ್ ಚೆಕ್ ಮಾಡೋ ಆಡ್-ಇನ್: ಇಂಗ್ಲಿಷ್‌ನಲ್ಲಿ ಪಕ್ಕಾ, ಶೆಡ್ಯೂಲ್‌ಗೆ ಬಂದ್ರೆ ಕೈ ಕೊಡುತ್ತೆ

ಬರೀ 11 ತಿಂಗಳ ಬಾಡಿಗೆ ಅಗ್ರಿಮೆಂಟ್ ಮಾಡ್ಕೊಡೋ ವಕೀಲರಿಗೆ ಇದು ಬೇಡವೇ ಬೇಡ, ಮೊದಲೇ ಹೇಳಿಬಿಡ್ತೀನಿ. ಒಂದು ವರ್ಷ ದಾಟಿದ್ರೆ 1908ರ ರಿಜಿಸ್ಟ್ರೇಷನ್ ಆಕ್ಟ್ 17ನೇ ಸೆಕ್ಷನ್ ಬಂದು ಕೂರುತ್ತೆ, ರಿಜಿಸ್ಟರ್ ಮಾಡಿಸಲೇಬೇಕು ಅಂತ ಮಾಡೋ ಆ ಎರಡು ಮೂರು ಪುಟಕ್ಕೆ ಕಣ್ಣೇ ಸಾಕು. ನಾನು ಹೇಳ್ತಿರೋದು ಐವತ್ತು ಪುಟದ ಕಮರ್ಷಿಯಲ್ ಲೀಸು, ಶೇರ್‌ಹೋಲ್ಡರ್ಸ್ ಅಗ್ರಿಮೆಂಟು, ಜಾಯಿಂಟ್ ಡೆವಲಪ್‌ಮೆಂಟ್ ಅಗ್ರಿಮೆಂಟು ಇಂಥವುಗಳ ಬಗ್ಗೆ. ನಮ್ಮದು ಗಾಂಧಿನಗರದಲ್ಲಿ ಪುಟ್ಟ ಆಫೀಸು, ಇಬ್ಬರು ವಕೀಲರು, ಒಬ್ಬ ಕ್ಲರ್ಕ್. ಆಡ್-ಇನ್ ವರ್ಡ್ ಒಳಗೇ ಕೂರುತ್ತೆ, ಕಕ್ಷಿದಾರರ ಫೈಲು ಹೊರಗಡೆ ಸರ್ವರ್‌ಗೆ ಹೋಗಲ್ಲ, ನಮ್ಮ ಕಂಪ್ಯೂಟರ್‌ನಲ್ಲೇ ಚೆಕ್ ಆಗುತ್ತೆ. ಬಿಲ್ ಡಾಲರ್‌ನಲ್ಲಿ ಬಂದ್ರೂ ಇದನ್ನೇ ತಗೊಂಡಿದ್ದು ಅದಕ್ಕೇ.

ಮುಂಚೆಲ್ಲ ಡ್ರಾಫ್ಟ್ ಹೊರಗೆ ಹೋಗೋ ಮೊದಲು ತಾಳೆ ನೋಡೋದು ಅಂತ ಒಂದು ಪದ್ಧತಿ ಇತ್ತು, ಒಬ್ರು ಜೋರಾಗಿ ಓದೋದು ಇನ್ನೊಬ್ರು ಪೆನ್ಸಿಲ್ ಹಿಡ್ಕೊಂಡು ಸಾಲು ಸಾಲು ಗುರುತು ಹಾಕೋದು, ಮೂವತ್ತನೇ ಪುಟಕ್ಕೆ ಬರೋ ಹೊತ್ತಿಗೆ ಇಬ್ರಿಗೂ ತೂಕಡಿಕೆ. ಈಗ ಸಂಜೆ ಕೋರ್ಟ್ ಮುಗಿಸಿ ಬಂದು, ಕೊರಳಿನ ಬ್ಯಾಂಡ್ ಬಿಚ್ಚಿಟ್ಟು, ಕೆಳಗಿನ ದರ್ಶಿನಿಯಿಂದ ಕಾಫಿ ತರಿಸ್ಕೊಂಡು ಆ ಬಟನ್ ಒತ್ತೋದೇ ನನಗೆ ದಿನದ ಒಳ್ಳೆ ಹೊತ್ತು, ಸುಳ್ಳಲ್ಲ. ಬಲಗಡೆ ಪ್ಯಾನೆಲ್ ತುಂಬ್ಕೊಳ್ತಾ ಹೋಗುತ್ತೆ. 'ಲಾಕ್-ಇನ್ ಪೀರಿಯಡ್' ಅನ್ನೋ ಪದಕ್ಕೆ ಮೊದಲೇ ಅರ್ಥ ಕೊಟ್ಟು, ಅಂದ್ರೆ ಡಿಫೈನ್ ಮಾಡಿ, ಆಮೇಲೆ ಎಲ್ಲೋ 'ಲಾಕ್-ಇನ್ ಟರ್ಮ್' ಅಂತ ಬಂದಿರುತ್ತೆ, ಹಿಡಿಯುತ್ತೆ. ಡಿಫೈನ್ ಮಾಡಿ ಎಲ್ಲೂ ಬಳಸದೇ ಬಿಟ್ಟಿದ್ದನ್ನೂ ಹಿಡಿಯುತ್ತೆ. ಎದುರು ಪಾರ್ಟಿ ವಕೀಲರು ಟ್ರ್ಯಾಕ್ ಚೇಂಜಸ್‌ನಲ್ಲಿ 12.3 ಕ್ಲಾಸ್ ಹಾರಿಸಿಬಿಟ್ಟು, 19ರಲ್ಲಿ ಇನ್ನೂ '12.3ರ ಪ್ರಕಾರ' ಅಂತ ಉಳಿದಿದ್ರೆ ಅದನ್ನೂ ಬಿಡಲ್ಲ. ವರ್ಡ್‌ನ ಆ 'ಎರರ್! ರೆಫರೆನ್ಸ್ ಸೋರ್ಸ್ ನಾಟ್ ಫೌಂಡ್' ಅನ್ನೋ ದಪ್ಪಕ್ಷರ ಕಕ್ಷಿದಾರರ ಕಣ್ಣಿಗೆ ಬಿದ್ದು ಮರ್ಯಾದೆ ಹೋಗೋದು ತಪ್ಪಿದೆ.

ಆದ್ರೆ ಇದು ಹುಟ್ಟಿದ್ದು ನಮ್ಮ ಊರಲ್ಲಲ್ಲ, ಅದು ದಿನಾ ಗೊತ್ತಾಗುತ್ತೆ. 1,25,00,000 ಅಂತ ಬರೆದ್ರೆ ಕಾಮಾ ತಪ್ಪು ಅನ್ನುತ್ತೆ. ಜಯನಗರದ ಅಂಗಡಿ ಲೀಸಿಗೆ 'ಜ್ಯೂರಿ ಟ್ರಯಲ್ ವೇವರ್ ಸೇರಿಸಿ', ಅಂದ್ರೆ ಜ್ಯೂರಿ ಮುಂದೆ ವಿಚಾರಣೆ ಬೇಡ ಅನ್ನೋ ಕ್ಲಾಸ್ ಹಾಕಿ ಅಂತ ಸಲಹೆ ಕೊಡುತ್ತೆ, ನಮ್ಮಲ್ಲಿ ಜ್ಯೂರಿ ಎಲ್ಲಿದೆ ಮಾರಾಯ. ಕೆಲಸ ಬಿಟ್ಟ ಮೇಲೂ ಎರಡು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರಬಾರದು ಅನ್ನೋ ಕ್ಲಾಸ್ ಇಲ್ಲ ಅಂತ ಕೆಂಪು ಬಾವುಟ ತೋರಿಸುತ್ತೆ, 1872ರ ಕಾಂಟ್ರಾಕ್ಟ್ ಆಕ್ಟ್ 27ನೇ ಸೆಕ್ಷನ್ ಪ್ರಕಾರ ಅದು ಬರೆದ್ರೂ ನಿಲ್ಲಲ್ಲ. ಇವೆಲ್ಲ ನಗಾಡ್ಕೊಂಡು ಇಗ್ನೋರ್ ಒತ್ತಬಹುದು.

ನಗೋಕಾಗದೇ ಇರೋದು ಶೆಡ್ಯೂಲ್, ಅಂದ್ರೆ ಪತ್ರದ ಕೊನೇಲಿ ಆಸ್ತಿ ವಿವರ ಬರೆಯೋ ಭಾಗದ ವಿಷಯ. ನಮ್ಮ ಕಡೆ ಜಮೀನಿನ ಅಗ್ರಿಮೆಂಟಲ್ಲಿ ಮೈಯೆಲ್ಲಾ ಇಂಗ್ಲಿಷ್, ಕೊನೇಲಿ ಚಕ್ಕುಬಂದಿ (ಜಾಗದ ನಾಲ್ಕೂ ದಿಕ್ಕಿನ ಗಡಿ ವಿವರ) ಮಾತ್ರ ಕನ್ನಡ, ಯಾಕಂದ್ರೆ ಅದು ಹಳೇ ಕ್ರಯಪತ್ರದಿಂದ ಎತ್ತಿದ್ದು. ಆ ಭಾಗ 'ನುಡಿ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಲ್ಲಿದ್ರೆ ಯಂತ್ರಕ್ಕೆ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, ಪ್ರತಿ ಪದಕ್ಕೂ ಸ್ಪೆಲ್ಲಿಂಗ್ ತಪ್ಪು ಅಂತ ಕೂಗಾಡುತ್ತೆ. ಯೂನಿಕೋಡಲ್ಲಿದ್ರೆ ಇನ್ನೂ ಕೆಟ್ಟದ್ದು, ತೆಪ್ಪಗೆ ಹಾರಿಸಿ ಮುಂದೆ ಹೋಗುತ್ತೆ, ಹೋಗಿ ಕೊನೇಲಿ ಇಡೀ ಡಾಕ್ಯುಮೆಂಟಿಗೆ ಹಸಿರು ಟಿಕ್ ಹಾಕುತ್ತೆ.

ಹೋದ ಸಲ ಎದುರು ಪಾರ್ಟಿ ಕಡೆಯಿಂದ ಬಂದ ಡ್ರಾಫ್ಟಲ್ಲಿ ಇಂಗ್ಲಿಷ್ ಭಾಗ ಪೂರ್ವಕ್ಕೆ ರಸ್ತೆ ಅನ್ನುತ್ತೆ, ಕನ್ನಡ ಭಾಗ ಪಶ್ಚಿಮಕ್ಕೆ ರಸ್ತೆ ಅನ್ನುತ್ತೆ. ವಿಸ್ತೀರ್ಣ 2 ಎಕರೆ 20 ಗುಂಟೆ ಇರೋದನ್ನ ಇಂಗ್ಲಿಷಲ್ಲಿ 2.20 ಎಕರೆ ಮಾಡಿದ್ದಾರೆ, 40 ಗುಂಟೆಗೆ ಒಂದು ಎಕರೆ ಅಂದ್ಮೇಲೆ ಅದು ಎರಡೂವರೆ ಆಗ್ಬೇಕು, 12 ಗುಂಟೆ ಮಾಯ! ಹಸಿರು ಟಿಕ್. ಹಿಡಿದಿದ್ದು ನಮ್ಮ ಕ್ಲರ್ಕ್, ಹಳೇ ಪದ್ಧತಿ ಬಿಡೋಕೆ ಒಪ್ಪದ ಆಸಾಮಿ, ಪೆನ್ಸಿಲ್ ಹಿಡಿದೇ ಹಿಡಿದ್ರು. ವಿಸ್ತೀರ್ಣಕ್ಕೂ ಚಕ್ಕುಬಂದಿಗೂ ತಾಳೆ ಆಗದಿದ್ರೆ ಕೋರ್ಟು ಸಾಮಾನ್ಯವಾಗಿ ಚಕ್ಕುಬಂದಿನೇ ನಂಬೋದು, ಅಂದ್ರೆ ಇಡೀ ಪತ್ರದಲ್ಲಿ ತಪ್ಪಾಗಬಾರದ ಜಾಗ ಒಂದಿದ್ರೆ ಅದೇ. ಡಿಫೈನ್ಡ್ ಟರ್ಮ್ ತಪ್ಪಾದ್ರೆ ಒಂದು ಇಮೇಲಲ್ಲಿ ಸರಿ ಹೋಗುತ್ತೆ, ಚಕ್ಕುಬಂದಿ ತಪ್ಪಾಗಿ ರಿಜಿಸ್ಟರ್ ಆದ್ರೆ ತಿದ್ದುಪಡಿ ಪತ್ರಕ್ಕೆ ಎಲ್ಲರನ್ನೂ ಮತ್ತೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಎಳ್ಕೊಂಡು ಹೋಗ್ಬೇಕು, ಅಷ್ಟರಲ್ಲಿ ಮಾರಿದೋರ ಮನಸ್ಸು ಬದಲಾಗಿದ್ರೆ ಸಿವಿಲ್ ಕೇಸು.

ಸಪೋರ್ಟಿಗೆ ಬರೆದೆ. ಕನ್ನಡ ಮುಂದೆ ಯಾವಾಗಾದ್ರೂ ನೋಡ್ತೀವಿ ಅಂತ ನಯವಾದ ಉತ್ತರ ಬಂತು. ಸ್ವಾಮಿ, ಕನ್ನಡ ಬರದೇ ಇದ್ರೆ ಬೇಜಾರಿಲ್ಲ, 'ಈ ಪುಟ ಓದಿಲ್ಲ' ಅಂತ ಒಂದು ಸಾಲು ತೋರಿಸಿ, ಅಷ್ಟೇ ಕೇಳ್ತಿರೋದು. ಅದಕ್ಕೆ ಉತ್ತರ ಇಲ್ಲ.

ರಿನ್ಯೂವಲ್ ಬರ್ತಿದೆ. ಎರಡು ಸೀಟಲ್ಲಿ (ಒಬ್ಬೊಬ್ಬರಿಗೆ ಒಂದರಂತೆ ತಗೊಳ್ಳೋ ಲೈಸೆನ್ಸ್) ಒಂದು ಬಿಡ್ತೀನಿ, ಸ್ಟಾರ್ಟಪ್ ಕೆಲಸ ನೋಡೋ ನನ್ನದು ಮಾತ್ರ ಇರಲಿ, ಜಮೀನು ಫೈಲು ನೋಡೋ ಜೂನಿಯರ್‌ಗೆ ಇದರಿಂದ ಉಪಯೋಗಕ್ಕಿಂತ ಹುಸಿ ಧೈರ್ಯನೇ ಜಾಸ್ತಿ. ಐದಕ್ಕೆ ಮೂರು ಕೊಡ್ತೀನಿ, ಆ ಹಸಿರು ಟಿಕ್ ಸರಿ ಮಾಡಿದ ದಿನ ನಾಲ್ಕು.