65,000 ರೂಪಾಯಿಗೆ ಯಾವ ಆಟದ ಯಂತ್ರ? ದಾವಣಗೆರೆಯ ಮನೆಯಲ್ಲಿ ಆರು ವಾರಗಳ ಹೋಲಿಕೆ

ಅಕ್ಕನ ಮಗ ದ್ವಿತೀಯ ಪಿಯುಸಿ ಮುಗಿಸಿದ. ಅಜ್ಜಿ ಕೊಟ್ಟ ಹಣ, ರಜೆಯಲ್ಲಿ ನನ್ನ ಅಂಗಡಿಯಲ್ಲಿ ದುಡಿದ ಹಣ ಎಲ್ಲ ಸೇರಿಸಿ 65,000 ರೂಪಾಯಿ ಇಟ್ಟುಕೊಂಡು ಬಂದ. ‘ಮಾವ, ಟಿವಿಗೆ ಜೋಡಿಸಿ ಆಡುವ ಕನ್ಸೋಲ್ ಕೊಳ್ಳಲೋ, ಪಿಸಿ ಕಟ್ಟಿಸಲೋ, ಕೈಯಲ್ಲೇ ಹಿಡಿದು ಆಡುವ ಹ್ಯಾಂಡ್‌ಹೆಲ್ಡ್ ತೆಗೆದುಕೊಳ್ಳಲೋ? ಇನ್ನು ಮುಂದೆ ಎಲ್ಲವೂ ಕ್ಲೌಡ್‌ನಲ್ಲೇ ಬರುತ್ತದಂತೆ, ಸುಮ್ಮನೆ ಕಾಯಲೋ?’ ಎಂದು ಕೇಳಿದ. ಹದಿನೆಂಟರ ಹುಡುಗನಿಗೆ ಅದು ಸಣ್ಣ ಮೊತ್ತವಲ್ಲ. ಬಾಯಿಗೆ ಬಂದ ಉತ್ತರ ಕೊಡಲು ನನಗೆ ಮನಸ್ಸಾಗಲಿಲ್ಲ. ನಾಲ್ಕನ್ನೂ ಆಡಿ ನೋಡಿಯೇ ಹೇಳುತ್ತೇನೆ ಎಂದೆ.

ಹದಡಿ ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. 2004ರಲ್ಲಿ ಅದೇ ಮಳಿಗೆ ಚಿಕ್ಕಪ್ಪನ ಸೈಬರ್ ಕೆಫೆಯಾಗಿತ್ತು. ಎಂಟು ಕಂಪ್ಯೂಟರ್, ಗಂಟೆಗೆ 20 ರೂಪಾಯಿ, ಸಂಜೆ ಐದಾದರೆ ಎಂಟರಲ್ಲಿ ಆರರ ಮೇಲೆ ಕೌಂಟರ್ ಸ್ಟ್ರೈಕ್ ಎಂಬ ಗುಂಡಿನ ಕಾಳಗದ ಆಟ. ನಾಲ್ಕನೇ ನಂಬರಿನ ಕಂಪ್ಯೂಟರಿನಲ್ಲಿ ನಾನು ವೈಸ್ ಸಿಟಿ ಆಟವನ್ನು ಮೂರು ತಿಂಗಳು ಆಡಿ ಮುಕ್ಕಾಲು ಪಾಲು ಮುಗಿಸಿದ್ದೆ. ವೈರಸ್ ಬಂತೆಂದು ಒಂದು ಬೆಳಿಗ್ಗೆ ಅದನ್ನು ಫಾರ್ಮ್ಯಾಟ್ ಮಾಡಿದರು, ಅಲ್ಲಿಯವರೆಗಿನ ಆಟವನ್ನು ಉಳಿಸಿಟ್ಟಿದ್ದ ಸೇವ್ ಅಳಿಸಿಹೋಯಿತು. ಯಂತ್ರ ನನ್ನದಾಗಿರಲಿಲ್ಲ, ಆದ್ದರಿಂದ ಯಾರನ್ನೂ ಕೇಳುವಂತಿರಲಿಲ್ಲ. ಆ ಬೆಳಿಗ್ಗೆ ನನಗೆ ಇಂದಿಗೂ ನೆನಪಿದೆ, ಈ ಹೋಲಿಕೆಯಲ್ಲಿ ಅದು ಪದೇ ಪದೇ ಎದುರಾಯಿತು.

ಅಳೆಯಲು ಎರಡು ಆಟಗಳನ್ನು ಆರಿಸಿಕೊಂಡೆ. ಒಂದು ಫೋರ್ಜಾ ಹೊರೈಜನ್ 5, ಮೆಕ್ಸಿಕೊದ ರಸ್ತೆಗಳಲ್ಲಿ ಕಾರು ಓಡಿಸುವ ಆಟ. 2021ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ ಮತ್ತು ಪಿಸಿಗೆ ಬಂದ ಮೈಕ್ರೊಸಾಫ್ಟ್‌ನ ಈ ಆಟ 2025ರ ಏಪ್ರಿಲ್ 29ರಂದು ಸೋನಿಯ ಪ್ಲೇಸ್ಟೇಷನ್ 5ಕ್ಕೂ ಬಂತು. ಹತ್ತು ವರ್ಷದ ಹಿಂದೆ ಇಂಥ ಮಾತನ್ನು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಇನ್ನೊಂದು ಸ್ಟಾರ್‌ಡ್ಯೂ ವ್ಯಾಲಿ, ಒಬ್ಬನೇ ವ್ಯಕ್ತಿ ರೂಪಿಸಿ 2016ರಲ್ಲಿ ಹೊರತಂದ ಬೇಸಾಯದ ಆಟ. ಮೊದಲನೆಯದು ಬೆರಳಿನ ವೇಗವನ್ನು ಕೇಳುತ್ತದೆ, ಎರಡನೆಯದು ತಾಳ್ಮೆಯನ್ನು. ಮಲೇಬೆನ್ನೂರಿನ ಕಡೆ ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಮನೆಗೆ ಹೋದ ನಮ್ಮಕ್ಕ ಪಕ್ಕದಲ್ಲಿ ಕುಳಿತು ನೋಡುತ್ತಿದ್ದವಳು, ಎರಡನೇ ವಾರಕ್ಕೆ ಕಂಟ್ರೋಲರ್ ಕಸಿದುಕೊಂಡಳು.

ಕ್ಲೌಡ್‌ನಿಂದಲೇ ಆರಂಭಿಸುತ್ತೇನೆ, ಹುಡುಗನ ಆಸೆಯೆಲ್ಲ ಅದರ ಮೇಲಿತ್ತು. ಆಟ ಓಡುವುದು ದೂರದ ಊರಿನ ಸರ್ವರ್‌ನಲ್ಲಿ. ಚಿತ್ರ ವಿಡಿಯೊ ಆಗಿ ನಮ್ಮ ಪರದೆಗೆ ಹರಿದು ಬರುತ್ತದೆ, ನಾವು ಒತ್ತಿದ ಗುಂಡಿಯ ಸುದ್ದಿ ಅಲ್ಲಿಗೆ ಹೋಗುತ್ತದೆ. ಒಂದು ತಿಂಗಳ ಚಂದಾ ಕಟ್ಟಿ, ವೈಫೈ ಬಿಟ್ಟು ನೇರವಾಗಿ ಫೈಬರ್ ರೂಟರ್‌ನಿಂದ ಕೇಬಲ್ ಎಳೆದು ಕುಳಿತೆ. ನೂರು ಜಿಬಿ ಮೀರಿದ ಆಟವನ್ನು ಇಳಿಸಿಕೊಳ್ಳುವ ಕಾಯುವಿಕೆಯೇ ಇಲ್ಲದೆ ಒಂದೇ ನಿಮಿಷದಲ್ಲಿ ಕಾರು ರಸ್ತೆಗಿಳಿಯಿತು. ಆ ಕ್ಷಣ ನಿಜಕ್ಕೂ ಬೆರಗಿನದು. ಎಂಟು ವರ್ಷ ಹಳೆಯ ಲ್ಯಾಪ್‌ಟಾಪಿನ ಮೇಲೆ ಅಂಥ ಬಿಸಿಲು, ಅಂಥ ಧೂಳು, ಅಂಥ ನೀರಿನ ಹೊಳಪು!

ಬೆರಗು ಮೊದಲ ತಿರುವಿನವರೆಗೆ ಉಳಿಯಿತು. ಬ್ರೇಕ್ ಒತ್ತಿದರೆ ಕಾರು ಒಂದು ಗುಕ್ಕು ಉಸಿರೆಳೆದುಕೊಂಡು ಆಮೇಲೆ ನಿಧಾನವಾದಂತೆ ಅನ್ನಿಸಿತು. ಅನ್ನಿಸಿಕೆಯನ್ನು ನಂಬಬಾರದೆಂದು ಮೊಬೈಲ್ ಕ್ಯಾಮೆರಾವನ್ನು ಸೆಕೆಂಡಿಗೆ 240 ಫ್ರೇಮ್ ಹಿಡಿಯುವಂತೆ ಹೊಂದಿಸಿ, ಬೆರಳು ಮತ್ತು ಪರದೆ ಎರಡನ್ನೂ ಒಟ್ಟಿಗೆ ಚಿತ್ರೀಕರಿಸಿ, ಗುಂಡಿ ಒತ್ತಿದ ಫ್ರೇಮಿನಿಂದ ಕಾರಿನ ಹಿಂದಿನ ಕೆಂಪು ದೀಪ ಹತ್ತುವ ಫ್ರೇಮಿನವರೆಗೆ ಎಣಿಸಿದೆ. ಅಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 4.2 ಮಿಲಿಸೆಕೆಂಡ್. ಅಂಗಡಿಯ ಪಿಸಿಯಲ್ಲಿ 12 ಫ್ರೇಮ್, ಅಂದರೆ 50 ಮಿಲಿಸೆಕೆಂಡ್. ಕನ್ಸೋಲ್‌ನಲ್ಲಿ 20. ಹ್ಯಾಂಡ್‌ಹೆಲ್ಡ್‌ನಲ್ಲಿ 22. ಕ್ಲೌಡ್‌ನಲ್ಲಿ ರಾತ್ರಿ ಹನ್ನೊಂದರ ಮೇಲೆ 38, ಊರೆಲ್ಲ ವಿಡಿಯೊ ನೋಡುವ ಸಂಜೆಯ ಹೊತ್ತಿನಲ್ಲಿ 45. ಕನ್ಸೋಲ್‌ಗೂ ಸಂಜೆಯ ಕ್ಲೌಡ್‌ಗೂ ನೂರು ಮಿಲಿಸೆಕೆಂಡಿನ ಅಂತರ. ಗಂಟೆಗೆ 200 ಕಿಲೋಮೀಟರ್ ವೇಗದ ಕಾರು ಅಷ್ಟರೊಳಗೆ ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ. ತಿರುವು ತಪ್ಪಲು ಅಷ್ಟು ಸಾಕು.

ದೂರವೇ ಇದಕ್ಕೆ ಕಾರಣ ಎಂದು ಹಲವರು ಹೇಳುತ್ತಾರೆ. ಲೆಕ್ಕ ಹಾಕಿದರೆ ಹಾಗಿಲ್ಲ. ಫೈಬರ್‌ನ ಗಾಜಿನೆಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಸರ್ವರ್ 1,000 ಕಿಲೋಮೀಟರ್ ಆಚೆ ಇದ್ದರೂ ಹೋಗಿ ಬರಲು 10 ಮಿಲಿಸೆಕೆಂಡ್. ಉಳಿದ ಹೊತ್ತನ್ನು ತಿನ್ನುವುದು ದಾರಿಯ ರೂಟರ್‌ಗಳಲ್ಲಿನ ಸಾಲು, ಅಲ್ಲಿ ಚಿತ್ರವನ್ನು ವಿಡಿಯೊ ಆಗಿ ಕುಗ್ಗಿಸುವ ಕೆಲಸ, ಇಲ್ಲಿ ಅದನ್ನು ಬಿಡಿಸುವ ಕೆಲಸ. ಇವು ವರ್ಷದಿಂದ ವರ್ಷಕ್ಕೆ ತಗ್ಗುತ್ತಿವೆ, ಇನ್ನೂ ತಗ್ಗುತ್ತವೆ. ಆದ್ದರಿಂದ ಕ್ಲೌಡ್‌ನ ವಿಳಂಬವನ್ನು ನಾನು ಅದರ ದೊಡ್ಡ ಕೊರತೆ ಎಂದು ಎಣಿಸುವುದಿಲ್ಲ. ಸ್ಟಾರ್‌ಡ್ಯೂ ವ್ಯಾಲಿಯಲ್ಲಂತೂ ಅಕ್ಕನಿಗೆ ಒಮ್ಮೆಯೂ ವ್ಯತ್ಯಾಸ ತಿಳಿಯಲಿಲ್ಲ.

ನನ್ನನ್ನು ತಡೆದದ್ದು ಬೇರೆಯದು. ಗಂಟೆಯ ಲೆಕ್ಕವೋ ತಿಂಗಳ ಲೆಕ್ಕವೋ, ಕ್ಲೌಡ್ ಎಂಬುದು ದೂರದಲ್ಲಿರುವ ಸೈಬರ್ ಕೆಫೆ. ಅಲ್ಲಿನ ನಾಲ್ಕನೇ ನಂಬರಿನ ಯಂತ್ರವೂ ನನ್ನದಲ್ಲ. ಗೂಗಲ್‌ನ ಸ್ಟೇಡಿಯಾ ಎಂಬ ಕ್ಲೌಡ್ ಸೇವೆ 2019ರ ನವೆಂಬರ್‌ನಲ್ಲಿ ಆರಂಭವಾಗಿ 2023ರ ಜನವರಿ 18ರಂದು ಮುಚ್ಚಿತು. ಜನ ಆಟಗಳಿಗೆ ಕೊಟ್ಟ ಹಣವನ್ನು ಗೂಗಲ್ ಹಿಂದಿರುಗಿಸಿತು, ಅದು ಒಳ್ಳೆಯ ನಡೆ. ಆದರೆ ಆಡಿ ಕಳೆದ ಹೊತ್ತನ್ನು ಯಾರೂ ಹಿಂದಿರುಗಿಸಲಾರರು. ಚಂದಾ ನಿಲ್ಲಿಸಿದ ದಿನ ನನ್ನ ಪರದೆಯಲ್ಲಿ ಉಳಿದದ್ದು ಲಾಗಿನ್ ಪುಟ ಮಾತ್ರ.

ಊರು ಬಿಟ್ಟು ಹೊರಟರೆ ಇನ್ನೊಂದು ತೊಡಕು. 20 ಎಂಬಿಪಿಎಸ್ ವೇಗದ ಚಿತ್ರಕ್ಕೆ ಗಂಟೆಗೆ 9 ಜಿಬಿ ಬೇಕು. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಯಾಕ್ 13 ನಿಮಿಷಕ್ಕೆ ಬರಿದಾಗುತ್ತದೆ. ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋಗುವಾಗ ಪರೀಕ್ಷಿಸಿದೆ. ಆನಗೋಡು ದಾಟುವಷ್ಟರಲ್ಲಿ ಎರಡು ಬಾರಿ ಕಡಿದುಹೋಯಿತು, ಭರಮಸಾಗರದ ಹತ್ತಿರ ಚಿತ್ರ ಚೌಕಚೌಕವಾಗಿ ಒಡೆಯಿತು. ಮುಂದೆ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತ ಕುಳಿತೆ.

ಕನ್ಸೋಲ್ ನನ್ನದೇ, ಪ್ಲೇಸ್ಟೇಷನ್ 5. 2021ರ ಫೆಬ್ರುವರಿ 2ರಂದು ಭಾರತಕ್ಕೆ ಬಂದಾಗ ಡಿಸ್ಕ್ ಇರುವ ಮಾದರಿಗೆ 49,990 ರೂಪಾಯಿ ಇತ್ತು, ಆಮೇಲೆ ಏರಿತು. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಆಡಲು ಇದಕ್ಕೆ ಸಾಟಿ ಇಲ್ಲ. ಗುಂಡಿ ಒತ್ತಿದರೆ ಆಟ, ಅಷ್ಟೇ. ಬ್ರೇಕ್ ಒತ್ತುವ ಟ್ರಿಗರ್ ಬೆರಳಿಗೆ ಎದುರು ಒತ್ತುತ್ತದೆ, ಜಲ್ಲಿ ರಸ್ತೆಗೂ ಡಾಂಬರಿಗೂ ಇರುವ ಭೇದ ಅಂಗೈಗೆ ತಿಳಿಯುತ್ತದೆ. ನನಗೆ ಅದಕ್ಕಿಂತ ಹೆಚ್ಚಿನದು ಡಿಸ್ಕ್. ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್, ಪಿ.ಜೆ. ಬಡಾವಣೆ, ನಮ್ಮ ಮನೆ: ನಾಲ್ಕು ಮನೆಗಳ ನಡುವೆ ಡಿಸ್ಕ್‌ಗಳು ಓಡಾಡುತ್ತವೆ. ಸುಮಾರು 5,000 ರೂಪಾಯಿಯ ಹೊಸ ಆಟ ಹೀಗೆ ತಲೆಗೆ 1,250ಕ್ಕೆ ಬೀಳುತ್ತದೆ, ಕೊನೆಗೆ ಮಾರಿದರೆ ಇನ್ನೂ ಕಡಿಮೆ.

ಆದರೆ ಆ ದಾರಿ ಕಿರಿದಾಗುತ್ತಿದೆ. ಪ್ಲೇಸ್ಟೇಷನ್‌ಗೆ ಬಂದ ಫೋರ್ಜಾ ಹೊರೈಜನ್ 5 ಡಿಸ್ಕ್‌ನಲ್ಲಿ ಬರಲೇ ಇಲ್ಲ, ಡೌನ್‌ಲೋಡ್ ಒಂದೇ ಗತಿ. ಜೊತೆಗೆ ಮೈಕ್ರೊಸಾಫ್ಟ್ ಖಾತೆಯೂ ಬೇಕು. 2024ರ ನವೆಂಬರ್‌ನ ಪ್ಲೇಸ್ಟೇಷನ್ 5 ಪ್ರೊ ಡಿಸ್ಕ್ ಡ್ರೈವ್ ಇಲ್ಲದೆಯೇ ಹೊರಬಂತು. 6 ಗಿಗಾಹರ್ಟ್ಸ್ ವೈಫೈಗೆ ಅನುಮತಿ ಇಲ್ಲದ ಕಾರಣಕ್ಕೆ ಅದು ಆಗ ಭಾರತಕ್ಕೂ ಬರಲಿಲ್ಲ. ಇನ್ನು 825 ಜಿಬಿಯ ನನ್ನ ಯಂತ್ರದಲ್ಲಿ ಬಳಕೆಗೆ ಸಿಗುವುದು ಸುಮಾರು 667 ಜಿಬಿ. ಇಂಥ ಐದಾರು ಆಟ ತುಂಬಿದರೆ ಒಂದನ್ನು ಅಳಿಸಿಯೇ ಇನ್ನೊಂದು. ಬೇಸಿಗೆಯ ಸಂಜೆ ಕರೆಂಟ್ ಹೋಗಿ ಬಂದಾಗಲೆಲ್ಲ ‘ಸರಿಯಾಗಿ ಆಫ್ ಮಾಡಿಲ್ಲ’ ಎಂದು ಸಂಗ್ರಹವನ್ನು ತಪಾಸಣೆ ಮಾಡಲು ಕುಳಿತುಕೊಳ್ಳುತ್ತದೆ. ಅದು ಯಂತ್ರದ ತಪ್ಪಲ್ಲ, ಆದರೆ ನನ್ನ ಎದೆ ಪ್ರತಿ ಬಾರಿಯೂ ಹೊಡೆದುಕೊಳ್ಳುತ್ತದೆ.

ಪಿಸಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಚಿತ್ರದಲ್ಲಿ, ವೇಗದಲ್ಲಿ, ಹಳೆಯ ಆಟಗಳನ್ನು ಉಳಿಸಿಕೊಳ್ಳುವುದರಲ್ಲಿ ಅದೇ ಮೊದಲು. ಕನ್ನಡಕ್ಕೂ ಅಲ್ಲೊಂದು ಮೂಲೆ ಇದೆ, ವಿಂಡೋಸ್‌ನ ಮೆನುಗಳನ್ನು ಕನ್ನಡದಲ್ಲಿ ಇಟ್ಟುಕೊಳ್ಳಬಹುದು. ಕನ್ಸೋಲ್‌ಗಳಲ್ಲಿ ಅದು ಇನ್ನೂ ಬಂದಿಲ್ಲ, ಬರಲೇಬೇಕು. ಬೆಲೆಯೇ ಅಡ್ಡಿ. ಎಐ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಗೆ ಕಂಪ್ಯೂಟರಿನ ಮೆಮೊರಿಯಾದ ರ‍್ಯಾಮ್ ಬೆಲೆ ಗಗನಕ್ಕೇರಿತು. ಮೆಮೊರಿ ತಯಾರಿಸುವ ಮೈಕ್ರಾನ್ ಕಂಪನಿ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಆ ಡಿಸೆಂಬರ್‌ನಲ್ಲಿ ಪ್ರಕಟಿಸಿತು. 65,000ದಲ್ಲಿ ಮಾನಿಟರ್ ಸಹಿತ ಮನಸ್ಸಿಗೊಪ್ಪುವ ಪಿಸಿ ಕಟ್ಟಲು ನನ್ನಿಂದ ಆಗಲಿಲ್ಲ, ಮೂರು ಬಾರಿ ಪಟ್ಟಿ ಬರೆದು ಹರಿದೆ.

ಕರೆಂಟಿನ ಲೆಕ್ಕವನ್ನೂ ಹೇಳುತ್ತೇನೆ. ಪ್ಲಗ್‌ಗೆ ಸಿಕ್ಕಿಸುವ ಮೀಟರ್ ಇಟ್ಟು ಅಳೆದೆ. ಅದೇ ರೇಸ್‌ಗೆ ಪಿಸಿ 350 ವಾಟ್, ಕನ್ಸೋಲ್ 200 ವಾಟ್, ಹ್ಯಾಂಡ್‌ಹೆಲ್ಡ್ 25 ವಾಟ್. ದಿನಕ್ಕೆ ಎರಡು ಗಂಟೆಯಂತೆ ತಿಂಗಳಿಗೆ 21 ಯೂನಿಟ್, 12 ಯೂನಿಟ್, ಒಂದೂವರೆ ಯೂನಿಟ್. ಗೃಹಜ್ಯೋತಿಯಲ್ಲಿ ತೀರ ಕಡಿಮೆ ಬಳಸುವ ಮನೆಗಳನ್ನು ಬಿಟ್ಟರೆ, ಮನೆಯ ಹಿಂದಿನ ಸರಾಸರಿಗೆ ಶೇ 10 ಸೇರಿಸಿ ಉಚಿತ ಕರೆಂಟಿನ ಮಿತಿ ಗೊತ್ತುಮಾಡುತ್ತಾರೆ. ಸರಾಸರಿ 90 ಯೂನಿಟ್ ಇರುವ ಮನೆಗೆ ಸಿಗುವ ಹೆಚ್ಚುವರಿ 9 ಯೂನಿಟ್. ಪಿಸಿ ಒಂದೇ ಅದನ್ನು ಎರಡು ಪಟ್ಟು ಮೀರುತ್ತದೆ. ಅಕ್ಕನ ಮನೆಯ ಮಟ್ಟಿಗೆ ಇದು ದೊಡ್ಡ ಮಾತು.

ಹ್ಯಾಂಡ್‌ಹೆಲ್ಡ್ ಅನ್ನು ಬೆಂಗಳೂರಿನಲ್ಲಿರುವ ಗೆಳೆಯನಿಂದ ಎರಡು ವಾರಕ್ಕೆ ಬೇಡಿ ತಂದೆ. ಏಳು ಇಂಚಿನ ಪರದೆ, ವಿಂಡೋಸ್, ಒಳಗೆ ಪೂರ್ಣ ಪಿಸಿ. ಈ ಬಗೆಗೆ ಹೊಸ ಜೀವ ಬಂದದ್ದು 2022ರ ಫೆಬ್ರುವರಿಯ ಸ್ಟೀಮ್ ಡೆಕ್‌ನಿಂದ. ಅದನ್ನು ತಯಾರಿಸಿದ ವಾಲ್ವ್ ಕಂಪನಿ ಭಾರತದಲ್ಲಿ ಅಧಿಕೃತವಾಗಿ ಮಾರಲಿಲ್ಲ. 2023ರ ಜುಲೈನಲ್ಲಿ ಅಸುಸ್‌ನ ಆರ್‌ಒಜಿ ಅಲೈ 69,990 ರೂಪಾಯಿಗೆ ಬಂದ ಮೇಲೆ ನಮ್ಮ ಕಡೆಯೂ ಕಾಣತೊಡಗಿದವು. ಇದರ ಕುಂದುಗಳನ್ನು ಮೊದಲೇ ಹೇಳಿಬಿಡುತ್ತೇನೆ. 40 ವಾಟ್-ಅವರ್ ಬ್ಯಾಟರಿ ಫೋರ್ಜಾಕ್ಕೆ ಒಂದು ಗಂಟೆ ನಲವತ್ತು ನಿಮಿಷ ಮಾತ್ರ ತಡೆಯಿತು. ಮೇ ತಿಂಗಳ ಮಧ್ಯಾಹ್ನ ಫ್ಯಾನ್ ಸದ್ದು ಪಕ್ಕದವರಿಗೂ ಕೇಳುತ್ತಿತ್ತು. ಆರುನೂರು ಗ್ರಾಂ ಭಾರ ಅರ್ಧ ಗಂಟೆಯ ಮೇಲೆ ಮಣಿಕಟ್ಟಿಗೆ ಗೊತ್ತಾಗುತ್ತದೆ. ಸಣ್ಣ ಅಕ್ಷರ ಓದಲು ನಾನು ಕನ್ನಡಕ ಹುಡುಕಬೇಕಾಯಿತು.

ಅಷ್ಟಾದರೂ ಮನಸ್ಸು ಗೆದ್ದದ್ದು ಅದೇ. ಸಂಜೆ ಏಳಕ್ಕೆ ಕರೆಂಟ್ ಹೋಯಿತು. ಟಿವಿ ಆರಿತು, ಕನ್ಸೋಲ್ ಆರಿತು, ರೂಟರ್ ಆರಿತು, ಯುಪಿಎಸ್ ಕೂಗಲು ಶುರುಮಾಡಿತು. ಅಕ್ಕ ಮಾತ್ರ ಕತ್ತಲಲ್ಲಿ ಕುಳಿತು ಗಿಡಕ್ಕೆ ನೀರು ಹಾಕುತ್ತಲೇ ಇದ್ದಳು. ಆ ಹಗುರ ಆಟಕ್ಕೆ ಬ್ಯಾಟರಿ ನಾಲ್ಕು ಗಂಟೆ ಬರುತ್ತದೆ, ನೆಟ್ ಬೇಕಿಲ್ಲ. ಮರುದಿನ ಅದೇ ಸೇವ್ ಅನ್ನು ಅಂಗಡಿಯ ಪಿಸಿಗೆ ಪೆನ್‌ಡ್ರೈವ್‌ನಲ್ಲಿ ಒಯ್ದು ದೊಡ್ಡ ಪರದೆಯಲ್ಲಿ ಮುಂದುವರಿಸಿದೆವು. ಸ್ಟಾರ್‌ಡ್ಯೂ ವ್ಯಾಲಿಯ ಸೇವ್ ಪಿಸಿಯಲ್ಲಿ ಒಂದು ಸಾಮಾನ್ಯ ಫೋಲ್ಡರ್, ನಕಲು ಮಾಡಿದರೆ ಮುಗಿಯಿತು. ಪಿಸಿಯ ಆಟಗಳೆಲ್ಲ ಇಷ್ಟು ಉದಾರವಲ್ಲ ಎಂಬುದೂ ನಿಜ. ಆಟ ಮಾರುವ ಆನ್‌ಲೈನ್ ಅಂಗಡಿಯಲ್ಲಿ ‘ಖರೀದಿಸಿ’ ಎಂದು ಬರೆದಿದ್ದರೂ ಸಿಗುವುದು ಪರವಾನಗಿ. ಅದನ್ನು ಸ್ಪಷ್ಟವಾಗಿ ಹೇಳಬೇಕೆಂಬ ಕ್ಯಾಲಿಫೋರ್ನಿಯಾದ ಕಾನೂನು 2025ರ ಜನವರಿ 1ರಿಂದ ಜಾರಿಯಲ್ಲಿದೆ. ಯೂಬಿಸಾಫ್ಟ್‌ನ ದಿ ಕ್ರೂ ಎಂಬ ಕಾರಿನ ಆಟದ ಸರ್ವರ್‌ಗಳು 2024ರ ಮಾರ್ಚ್ 31ರಂದು ನಿಂತಾಗ ಡಿಸ್ಕ್ ಇಟ್ಟುಕೊಂಡವರಿಗೂ ಆಟ ಉಳಿಯಲಿಲ್ಲ. ಹಾಗಾಗಿ ಆಟ ಕೊಳ್ಳುವ ಮೊದಲು ನೆಟ್ ಕಿತ್ತು ಒಮ್ಮೆ ಆಡಿ ನೋಡಿದವರ ಮಾತು ಕೇಳು ಎಂದು ಹುಡುಗನಿಗೆ ಹೇಳಿದ್ದೇನೆ.

ಮುಂದಿನ ಹತ್ತು ವರ್ಷದ ಬಗ್ಗೆ ನನ್ನ ಊಹೆ ಇದು. ಕನ್ಸೋಲ್ ಮತ್ತು ಪಿಸಿಯ ನಡುವಿನ ಗೋಡೆ ಕರಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಎಕ್ಸ್‌ಬಾಕ್ಸ್ ಹೆಸರು ಹೊತ್ತು ಬಂದ ಹ್ಯಾಂಡ್‌ಹೆಲ್ಡ್ ಒಳಗೆ ವಿಂಡೋಸ್ ಪಿಸಿಯೇ ಇತ್ತು. ಮರು ತಿಂಗಳು ವಾಲ್ವ್ ಟಿವಿಯ ಪಕ್ಕ ಇಡುವ ಸ್ಟೀಮ್ ಮಷೀನ್ ಪ್ರಕಟಿಸಿತು, ಅದೂ ಪಿಸಿಯೇ. ಕ್ಲೌಡ್ ಎಲ್ಲದರೊಳಗೂ ಒಂದು ಗುಂಡಿಯಾಗಿ ಸೇರಿಕೊಳ್ಳುತ್ತದೆ. ಕೊಳ್ಳುವ ಮುನ್ನ ರುಚಿ ನೋಡಲು ನಾನೂ ಬಳಸುತ್ತೇನೆ. ಆದರೆ ನಮ್ಮ ಊರಿನ ಹುಡುಗನ ಏಕೈಕ ಯಂತ್ರವಾಗಲು ಅದು ಇನ್ನೂ ತಕ್ಕದ್ದಲ್ಲ. ಮನೆಯಲ್ಲಿ ನಾಲ್ವರು ಆಡುವವರಿದ್ದರೆ ಡಿಸ್ಕ್ ಇರುವ ಕನ್ಸೋಲ್ ಅನ್ನು ಸಿಗುವಾಗಲೇ ಕೊಳ್ಳಿ ಎನ್ನುತ್ತೇನೆ.

ಅಕ್ಕನ ಮಗನಿಗೆ ಎಂಜಿನಿಯರಿಂಗ್ ಓದಲು ಹೇಗೂ ಕಂಪ್ಯೂಟರ್ ಬೇಕಿತ್ತು. ಹ್ಯಾಂಡ್‌ಹೆಲ್ಡ್‌ನ ಹಳೆಯ ಮಾದರಿಯೊಂದನ್ನು ಕೊಂಡ, ಉಳಿದ ಹಣದಲ್ಲಿ ಅದನ್ನು ಮಾನಿಟರ್‌ಗೆ ಜೋಡಿಸುವ ಡಾಕ್ ಮತ್ತು ಕೀಬೋರ್ಡ್ ತಂದ. ಅಂಗಡಿಯ ಹಳೆಯ ಮಾನಿಟರ್ ಒರೆಸಿ ಕೊಟ್ಟೆ. ಮೊದಲ ದಿನವೇ ಅವನು ಅಮ್ಮನ ಹೊಲದ ಸೇವ್ ಅನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ, ಅದಕ್ಕೆ ಚೀಟಿ ಅಂಟಿಸಿ, ಅಂಗಡಿಯ ಮೇಜಿನ ಖಾನೆಯಲ್ಲಿ ಇಟ್ಟು ಹೋದ. ಅಕ್ಕನ ಹೊಲದಲ್ಲಿ ಈಗ ಎರಡನೇ ವರ್ಷದ ಬೇಸಿಗೆ, ಮೆಣಸಿನಕಾಯಿ ಹಾಕಿದ್ದಾಳೆ.