ಮಣಿಚಿತ್ರತಾಳ್, ಆಪ್ತಮಿತ್ರ: ಮೊದಲು ಯಾವುದು ನೋಡಲಿ?

ಈ ಎರಡೂ ಸಿನಿಮಾಗಳ ಕಥೆಯ ನಡುವಿರುವ ಮಾನಸಿಕ ಕಾಯಿಲೆ ಹೇಗೆ ಬೆಳೆಯಿತು ಎಂಬ ಕುತೂಹಲವಿದ್ದರೆ ಫಾಝಿಲ್ ಅವರ 1993ರ ಮಲಯಾಳಂ ಮೂಲ ‘ಮಣಿಚಿತ್ರತಾಳ್’ ಸರಿ. ವೈದ್ಯನಾದ ಮೋಹನ್‌ಲಾಲ್ ಬರುವುದು ಕಥೆ ಸಾಕಷ್ಟು ಸಾಗಿದ ಮೇಲೆ. ಅಷ್ಟರೊಳಗೆ ತರವಾಡು ಎಂಬ ಹಳೆಯ ಕುಟುಂಬದ ಮನೆಯ ಭಯ, ನಾಯಕಿ ಗಂಗೆಯ ಒಂಟಿತನ ನಮ್ಮೊಳಗೆ ಇಳಿದಿರುತ್ತದೆ. ಗಂಗೆಯಾದ ಶೋಭನಾಗೆ ರಾಷ್ಟ್ರಪ್ರಶಸ್ತಿ ಸುಮ್ಮನೆ ಬರಲಿಲ್ಲ. ಮಂಚ ಎತ್ತುವ ದೃಶ್ಯದಲ್ಲಿ ದನಿ, ಕಣ್ಣು ಎರಡೂ ಬದಲಾಗುವುದನ್ನು ಗಮನಿಸಿ.

ಪಿ. ವಾಸು ಅವರ 2004ರ ಕನ್ನಡ ರೂಪ ‘ಆಪ್ತಮಿತ್ರ’ದಲ್ಲಿ ವಿಷ್ಣುವರ್ಧನ್ ರಾಜನೂ ಹೌದು, ವೈದ್ಯನೂ ಹೌದು. ತೂಕ ನಾಯಕನತ್ತ ವಾಲುತ್ತದೆ. ಕಥೆಗೆ ಸೇರಿಸಿದ ಹಾವು ಮನೋವೈಜ್ಞಾನಿಕ ಎಳೆಯನ್ನು ಸಡಿಲಗೊಳಿಸುತ್ತದೆ. ಆದರೆ ಗಂಗೆಯ ಪಾತ್ರದಲ್ಲಿ ನಟಿ ಸೌಂದರ್ಯ ಎಲ್ಲೂ ಸೋಲುವುದಿಲ್ಲ. ‘ರಾ ರಾ’ ಹಾಡಿಗಾದರೂ ನೋಡಲೇಬೇಕು.

ಮನೆಮಂದಿಯೆಲ್ಲ ಕೂತು ನೋಡಲು, ಸಬ್‌ಟೈಟಲ್ ಓದಲಾಗದ ಅಜ್ಜಿಗೆ ಆಪ್ತಮಿತ್ರ. ಒಬ್ಬರೇ, ರಾತ್ರಿ, ಪುರುಸೊತ್ತಿದ್ದರೆ ಮೂಲ. ಎರಡನ್ನೂ ನೋಡುವವರು ಮಲಯಾಳಂನಿಂದ ಶುರುಮಾಡಿ, ಗುಟ್ಟು ಅಲ್ಲೇ ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ.