ನಂದಿ, ದಿಂಡೋರಿ, ಹಂಪಿ: ಒಂದೇ ಮೇಜಿನ ಮೇಲೆ ಮೂರು ಕೆಂಪು ವೈನ್

ಮೂರೂ ಬಾಟಲಿಗಳನ್ನು ಬೇಸಿಗೆಯ ಬೆಂಗಳೂರಿನಲ್ಲಿ ಕಪಾಟಿನಿಂದ ತೆಗೆದು ಹಾಗೇ ಸುರಿದರೆ ಮೂರೂ ಒಂದೇ ಥರ: ಮೂಗಿಗೆ ಮದ್ಯದ ಘಾಟು, ನಾಲಿಗೆಗೆ ಜಾಮ್. ಕೆಂಪು ವೈನನ್ನು ‘ರೂಮ್ ಟೆಂಪರೇಚರ್‌’ನಲ್ಲಿ ಕುಡಿಯಬೇಕು ಅನ್ನುವ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆ ಮನೆಗಳಲ್ಲಿ. ಅಲ್ಲಿನ ರೂಮು 17 ಡಿಗ್ರಿ, ನಮ್ಮದು 29. ಹಾಗಾಗಿ ಇಲ್ಲಿನ ಹೋಲಿಕೆಯೆಲ್ಲ 16–17 ಡಿಗ್ರಿಯಲ್ಲಿ ಮಾಡಿದ್ದು. ಬಾಟಲಿಗಳಿಗೆ ಪೇಪರ್ ಸುತ್ತಿ ನಂಬರ್ ಹಾಕಿ, ಒಂದೇ ಥರದ ಲೋಟಕ್ಕೆ 60 ಮಿಲಿ ಸುರಿದು, ತೆರೆದ ಕೂಡಲೇ ಒಮ್ಮೆ, 40 ನಿಮಿಷ ಬಿಟ್ಟು ಒಮ್ಮೆ, ಊಟದ ಜೊತೆ ಒಮ್ಮೆ, ಮರುದಿನ ಒಮ್ಮೆ ರುಚಿ ನೋಡಿದ್ದು.

ಇಟ್ಟುಕೊಂಡದ್ದು ನಂದಿಬೆಟ್ಟದ ವೈನ್ ಕಂಪನಿ ಗ್ರೋವರ್‌ನ ಲಾ ರಿಸರ್ವ್, ನಾಸಿಕ್ ಕಡೆಯ ಸುಲಾ ಕಂಪನಿಯ ದಿಂಡೋರಿ ರಿಸರ್ವ್ ಶಿರಾಜ್, ಕೊಪ್ಪಳ ಜಿಲ್ಲೆಯ ಹಂಪಿ ಹಿಲ್ಸ್‌ನ ಕರಿಸ್ಮಾ ಕ್ಯಾಬರ್ನೆ ಸೋವಿನ್ಯೋನ್. ಕ್ಯಾಬರ್ನೆ, ಶಿರಾಜ್ ಅನ್ನುವುದು ದ್ರಾಕ್ಷಿ ತಳಿಗಳ ಹೆಸರು. ಬೆಲೆಯಲ್ಲಿ ಕರಿಸ್ಮಾ ಮೇಲಿದೆ, ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ಇವುಗಳಲ್ಲಿ ದಾರಿ ತೋರಿಸಿದ್ದು ಗ್ರೋವರ್. ಕನ್ವಲ್ ಗ್ರೋವರ್ ಫ್ರಾನ್ಸಿನ ಶಾಂಪೇನ್ ಸೀಮೆಯ ವೈನ್ ತಜ್ಞ ಜಾರ್ಜ್ ವೆಸೆಲ್ ಅವರನ್ನು ಕರೆತಂದು, ಹತ್ತಾರು ಫ್ರೆಂಚ್ ತಳಿಗಳನ್ನು ನೆಟ್ಟು ನೋಡಿ, 1988ರಲ್ಲಿ ನಂದಿಬೆಟ್ಟದ ತಪ್ಪಲಲ್ಲಿ ತೋಟ ಕಟ್ಟಿದರು. ಆಮೇಲೆ ಬೋರ್ಡೋದ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾದರು. 2012ರಲ್ಲಿ ನಾಸಿಕ್‌ನ ವಾಲೆ ದ ವ್ಯಾನ್ ಕಂಪನಿ ಜೊತೆ ಸೇರಿ ಗ್ರೋವರ್ ಜಾಂಪಾ ಆಯಿತು. ಆದರೆ ತೋಟ ಕಟ್ಟಿದ ಕಾಲದಲ್ಲಿ ನಿಜವಾಗಿ ಕಷ್ಟವಿದ್ದದ್ದು ಬಳ್ಳಿಯನ್ನು ಮಲಗಿಸುವುದರಲ್ಲಿ. ಫ್ರಾನ್ಸಿನಲ್ಲಿ ಚಳಿ ಬಂದರೆ ಬಳ್ಳಿ ತಾನಾಗಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ, ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಹಾಗಾಗಿ ವರ್ಷಕ್ಕೆ ಎರಡು ಸಲ ಸವರಬೇಕು. ಉತ್ತರ ಕರ್ನಾಟಕದ ವಿಜಯಪುರದ ಕಡೆ ಇದಕ್ಕೆ ಚಾಟ್ನಿ ಅನ್ನುತ್ತಾರೆ. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸಲು, ಸೆಪ್ಟೆಂಬರ್–ಅಕ್ಟೋಬರ್ ಚಾಟ್ನಿ ಗೊಂಚಲಿಗೆ. ಎರಡನೆಯದರಲ್ಲಿ ಅವಸರ ಮಾಡಿದರೆ ಎಳೆ ಚಿಗುರು ಹಿಂಗಾರು ಮಳೆಗೆ ಸಿಕ್ಕಿ ಡೌನಿ ಎಂಬ ಬೂಷ್ಟು ರೋಗ ತಗಲುತ್ತದೆ. ತಡಮಾಡಿದರೆ ಹಣ್ಣು ಮಾಗುವುದು ಮಾರ್ಚ್ ಕೊನೆಯ ಬಿಸಿಲಿಗೆ. ಸಕ್ಕರೆ ಸರ್ರನೆ ಏರುತ್ತದೆ, ಹುಳಿ ಸೋರಿಹೋಗುತ್ತದೆ, ಬೀಜ ಮಾತ್ರ ಇನ್ನೂ ಹಸಿರು. ಈ ಲೆಕ್ಕ ಹೇಗಿತ್ತು ಅನ್ನುವುದು ಲೋಟದಲ್ಲೇ ಗೊತ್ತಾಗುತ್ತದೆ.

(ನಂದಿ ಸುತ್ತಿನ ಹಳೆಯ ಬೆಳೆ ಬೆಂಗಳೂರು ನೀಲಿ ದ್ರಾಕ್ಷಿ ಬೇರೆಯೇ ಜಾತಿ. ಅದಕ್ಕೆ 2013ರಲ್ಲಿ ಭೌಗೋಳಿಕ ಸೂಚಿ (ಜಿಐ ಟ್ಯಾಗ್) ಸಿಕ್ಕಿದೆ. ಹಿಸುಕಿದರೆ ತಿರುಳು ಸಿಪ್ಪೆಯಿಂದ ಜಾರಿ ಹೊರಬರುತ್ತದೆ, ಘಮ ದ್ರಾಕ್ಷಿ ಕ್ಯಾಂಡಿಯದು. ಜ್ಯೂಸಿಗೆ, ಸಿಹಿ ಪೋರ್ಟ್ ಮಾದರಿಯ ವೈನಿಗೆ ಚೆನ್ನ. ಅದನ್ನು ಕುಡಿದು ‘ಲೋಕಲ್ ವೈನ್ ಅಂದ್ರೆ ಇಷ್ಟೇ’ ಅಂದುಕೊಂಡವರು ಬಹಳ ಮಂದಿ.)

ಲಾ ರಿಸರ್ವ್ ಕ್ಯಾಬರ್ನೆ ಮತ್ತು ಶಿರಾಜ್‌ಗಳ ಬೆರಕೆ, ಓಕ್ ಪೀಪಾಯಿಯಲ್ಲಿ ಪಳಗಿದ್ದು. ತೆರೆದ ಕೂಡಲೇ ಮುಂದೆ ನಿಲ್ಲುವುದು ಓಕ್: ಲವಂಗ, ಸ್ವಲ್ಪ ವೆನಿಲಾ. ಅದರ ಹಿಂದೆ ಹೆಚ್ಚಿದ ದೊಣ್ಣೆಮೆಣಸಿನಕಾಯಿಯ ಹಸಿರು ವಾಸನೆ. ಇದು ಕ್ಯಾಬರ್ನೆಯ ಹುಟ್ಟುಗುಣ, ಕೆಟ್ಟ ವೈನಿನ ಲಕ್ಷಣ ಅಲ್ಲ. ನಲವತ್ತು ನಿಮಿಷದ ಮೇಲೆ ಆ ಹಸಿರು ಹಿಂದೆ ಸರಿದು ನೇರಳೆ ಹಣ್ಣು, ಕರಿಮೆಣಸು ಬರುತ್ತವೆ. ಒಗರು ಹದವಾಗಿದೆ, ವಸಡಿಗೆ ತಾಗುತ್ತದೆ, ಕಚ್ಚುವುದಿಲ್ಲ. ಮೂರರಲ್ಲಿ ಹುಳಿ ಚೆನ್ನಾಗಿ ಉಳಿದಿರುವುದು ಇದರಲ್ಲೇ. ಹಣ್ಣು ಮಾಗುವ ಫೆಬ್ರವರಿಯಲ್ಲಿ ಹಗಲು 30 ಡಿಗ್ರಿ ಮುಟ್ಟಿದರೂ ನಂದಿ ತಪ್ಪಲಿನ ರಾತ್ರಿ ತಂಪು. ಆ ತಂಪಿನ ಪಾಲು ಇದರಲ್ಲಿದೆ.

ದಿಂಡೋರಿ ಶಿರಾಜ್‌ಗೆ ಕಾಯುವ ಕೆಲಸವಿಲ್ಲ. ತಿರುಪು ತೆಗೆದು ಸುರಿದ ನಿಮಿಷದಲ್ಲೇ ಮಾಗಿದ ಹಣ್ಣು, ಮೆಣಸು, ಸುಟ್ಟ ಗೆಣಸಿನ ಸಿಪ್ಪೆಯಂಥ ಹೊಗೆ. ಒಗರು ಮೆತ್ತಗೆ. ವೈನ್ ಹೊಸದಾಗಿ ಕುಡಿಯುವವರು ಪೇಪರ್ ಸುತ್ತಿದ ಮೂರರಲ್ಲಿ ಇದನ್ನೇ ಎತ್ತಿಕೊಳ್ಳುತ್ತಾರೆ. 40 ನಿಮಿಷ ಬಿಟ್ಟರೆ ಹೆಚ್ಚೇನೂ ಬದಲಾಗುವುದಿಲ್ಲ. ಲೋಟ ಬಿಸಿಯಾದರೆ ಮಾತ್ರ ಬೇಗ ಸಿಹಿಯೆನಿಸುತ್ತದೆ. ಇದನ್ನು 15 ಡಿಗ್ರಿಗೆ ಇಳಿಸಿದರೂ ನಷ್ಟವಿಲ್ಲ.

ಕರಿಸ್ಮಾದ ಒಗರು ಬೇರೆ ಮಟ್ಟದ್ದು. ಗುಟುಕು ನುಂಗಿದ ಮೇಲೆ ಅಡಿಕೆ ಜಗಿದ ಹಾಗೆ ಕೆನ್ನೆಯ ಒಳಭಾಗ ಹಿಡಿದುಕೊಳ್ಳುತ್ತದೆ. ಬಾಟಲಿಯಿಂದ ನೇರ ಲೋಟಕ್ಕೆ ಸುರಿದು ಕುಡಿದು ‘ಇದಕ್ಕಾ ಇಷ್ಟು ದುಡ್ಡು’ ಅನ್ನಬೇಡಿ. ಅಗಲ ಬಾಯಿಯ ಜಗ್ಗಿಗೆ ಸುರಿದು ಒಂದು ಗಂಟೆ ಬಿಡಿ. ಆಮೇಲೆ ಕಪ್ಪು ಹಣ್ಣು, ಸೀಸದ ಕಡ್ಡಿ ಕೆತ್ತಿದ ವಾಸನೆ, ಬಾಯಲ್ಲಿ ಬಹಳ ಹೊತ್ತು ನಿಲ್ಲುವ ರುಚಿ. ಎರಡು ಮೂರು ವರ್ಷ ಇಡುವ ಜಾಗವಿದ್ದವರಿಗೆ ಇದೇ ಸರಿ.

ಊಟಕ್ಕೆ ಬಂದಾಗ ಕ್ರಮ ತಿರುವುಮುರುವಾಗುತ್ತದೆ. ಒಣಮೆಣಸಿನಕಾಯಿ ಕಾರ ಒಗರನ್ನೂ ಮದ್ಯದ ಉರಿಯನ್ನೂ ಹೆಚ್ಚಿಸುತ್ತದೆ. ನಾಟಿಕೋಳಿ ಸಾರು–ಮುದ್ದೆಯ ಜೊತೆ ಕರಿಸ್ಮಾ ಕಹಿಯಾಯಿತು, ದಿಂಡೋರಿ ತಡೆದುಕೊಂಡಿತು. ಕಾರ ಕಡಿಮೆ, ಕೊಬ್ಬು ಜಾಸ್ತಿ ಇರುವ ಹುರಿದ ಮಟನ್‌ಗೆ ಕರಿಸ್ಮಾ ಗೆದ್ದಿತು. ಕಾಚಂಪುಳಿ ಎಂಬ ಕಪ್ಪು ಹುಳಿರಸ ಬಿದ್ದ ಕೊಡಗಿನ ಪಂದಿ ಕರಿಗೆ ಲಾ ರಿಸರ್ವ್ ಬಿಟ್ಟು ಬೇರೆ ಕೂಡಲಿಲ್ಲ: ಹುಳಿಗೆ ಹುಳಿ ಸಮ ನಿಲ್ಲಬೇಕು, ಮೆಣಸಿಗೆ ಮೆಣಸು. ತೆಂಗಿನಕಾಯಿ ರುಬ್ಬಿ ಹಾಕಿದ ಸಾರಿಗೆ ಮೂರೂ ಬೇಡ.

ಬಿಳಿ ವೈನಿನಲ್ಲಿ ಹೋಲಿಕೆ ಚಿಕ್ಕದು. ಗ್ರೋವರ್‌ನ ವಿಯೋನಿಯೇ ಸಂಪಿಗೆ ಘಮದ್ದು, ಹುಳಿ ಕಡಿಮೆ, 10–11 ಡಿಗ್ರಿ ಬೇಕು. ಫ್ರಿಜ್‌ನಿಂದ ನೇರ ಸುರಿದರೆ ಘಮ ಮುಚ್ಚಿಹೋಗುತ್ತದೆ. ಸುಲಾದ ಸೋವಿನ್ಯೋನ್ ಬ್ಲಾಂನಲ್ಲಿ ಸೀಬೆಕಾಯಿ, ಹಸಿಮೆಣಸಿನಕಾಯಿ, ಹುಲ್ಲಿನ ಘಮ. 8 ಡಿಗ್ರಿ ಸಾಕು. ಮೀನು ಫ್ರೈಗೆ ಎರಡನೆಯದು, ತುಪ್ಪದಲ್ಲಿ ಹುರಿದ ಕೋಳಿಗೆ ಮೊದಲನೆಯದು.

ತಣಿಸುವ ಲೆಕ್ಕ: 28 ಡಿಗ್ರಿಯ ಕೆಂಪು ಬಾಟಲಿ ಫ್ರಿಜ್‌ನಲ್ಲಿ 17ಕ್ಕೆ ಇಳಿಯಲು ಸುಮಾರು ಒಂದೂಕಾಲು ಗಂಟೆ. ಅರ್ಧ ಐಸ್, ಅರ್ಧ ನೀರು ತುಂಬಿದ ಬಕೆಟ್‌ನಲ್ಲಿ 10–12 ನಿಮಿಷ. ಬರೀ ಐಸ್ ತುಂಬಬೇಡಿ, ಗಾಜಿಗೂ ಐಸಿಗೂ ನಡುವೆ ಗಾಳಿ ಉಳಿದು ತಣಿಯುವುದು ತಡವಾಗುತ್ತದೆ.

ಕೊಳ್ಳುವಾಗ ಬಾಟಲಿ ಎಲ್ಲಿ ನಿಂತಿತ್ತು ನೋಡಿ. ಬಿಸಿಲು ಬೀಳುವ ಕಪಾಟು, ತಗಡಿನ ಸೂರಿನ ಕೆಳಗಿನ ಗೋಡೌನು ಯಾವ ವೈನನ್ನೂ ಬೇಯಿಸಿಬಿಡುತ್ತವೆ. ಕಾರ್ಕ್ ಬಾಟಲಿಯ ಕತ್ತಿನಿಂದ ಮೇಲೆ ಉಬ್ಬಿದ್ದರೆ, ಕತ್ತಿನ ಹಾಳೆಯ ಕೆಳಗೆ ವೈನ್ ಸೋರಿದ ಅಂಟು ಗೆರೆ ಇಳಿದಿದ್ದರೆ ಬಿಡಿ. ಕುಡಿದು ಉಳಿದದ್ದನ್ನು 180 ಮಿಲಿಯ ಸಣ್ಣ ಬಾಟಲಿಗಳಿಗೆ ಕಂಠಮಟ್ಟ ತುಂಬಿಸಿ ಮುಚ್ಚಿ ಫ್ರಿಜ್‌ನಲ್ಲಿಡಿ. ಮರುದಿನ ದಿಂಡೋರಿಯ ಹಣ್ಣಿನ ಘಮ ಅರ್ಧಕ್ಕಿಳಿದಿತ್ತು, ಲಾ ರಿಸರ್ವ್ ಹಾಗೇ ಇತ್ತು, ಕರಿಸ್ಮಾ ಹಿಂದಿನ ರಾತ್ರಿಗಿಂತ ಚೆನ್ನಾಗಿತ್ತು.